ಘಾಟ್ಕೋಪರಿಗೆ ಒಯ್ಯದೆ ಬಿಟ್ಟ ಫೈಲು

ಬೆಳಗಾವಿಯ ಬಸ್ಸು ಮುಂಬಯಿಯ ದಾದರ್ ಮುಟ್ಟಿದಾಗ ಬೆಳಗಿನ ಏಳೂವರೆ, ಜಿಟಿಜಿಟಿ ಮಳೆ. ಹತ್ತು ರೂಪಾಯಿಯ ಟಿಕೆಟ್ ಕೊಂಡು ಘಾಟ್ಕೋಪರಿಗೆ ಲೋಕಲ್ ರೈಲು ಹತ್ತಿದೆ. ಹಾರ್ಡ್‌ಡಿಸ್ಕ್ ಇದ್ದ ಚೀಲವನ್ನು ಎದೆಗೆ ಅವಚಿಕೊಂಡಿದ್ದೆ.

ಹೊಸ ಸಾಫ್ಟ್‌ವೇರ್ ಹಾಕಲು ಹೋಗಬೇಕಾಗಿದ್ದದ್ದು ಒಂದು ರಕ್ತಪರೀಕ್ಷೆಯ ಲ್ಯಾಬಿಗೆ. ರೋಗಿಗಳ ಗುಟ್ಟು ಹೊರಬೀಳಬಾರದೆಂದು ಅಲ್ಲಿನ ಸರ್ವರ್‌ಗಳಿಗೆ ಇಂಟರ್ನೆಟ್ಟೇ ಇಲ್ಲ. ಸಾಫ್ಟ್‌ವೇರಿನ ಕಂಟೇನರ್‌ಗಳನ್ನೆಲ್ಲ, ಅಂದರೆ ಅದರ ಹದಿನಾಲ್ಕು ಬಿಡಿಭಾಗಗಳ ಗಂಟುಗಳನ್ನೆಲ್ಲ, ಬುತ್ತಿಯಂತೆ ಕಟ್ಟಿಕೊಂಡೇ ಹೋಗಬೇಕು. ಲ್ಯಾಬಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಗಿರಿಜಾ ಮೇಡಂ ವಿಜಯಪುರದವರು. ಎರಡು ವರ್ಷ ಓಡಾಡಿ ಈ ಕೆಲಸಕ್ಕೆ ಒಪ್ಪಿಗೆ ತಂದವರು ಅವರೇ. ಅಂದೇ ಅವರ ನಿವೃತ್ತಿ. "ಅದು ಶುರು ಆಗೂದು ನೋಡೇ ಮನೀಗೆ ಹೋಗ್ತೀನಿ" ಎಂದಿದ್ದರು.

ವಾರದ ಹಿಂದೆ ಫೋನಿನಲ್ಲಿ, "ನಿಮ್ಮ ಊರಾಗ ನೆಟ್ ವಾಯರ್ ಕಿತ್ತು, ಸಾಫ್ಟ್‌ವೇರ್ ಒಮ್ಮೆ ಹಾಕಿ ನೋಡ್ರಿ" ಎಂದೂ ಹೇಳಿದ್ದರು. "ಮೂರು ಸಲ ನೋಡೇನ್ರಿ ಮೇಡಂ" ಎಂದು ಜಂಬದಿಂದ ಹೇಳಿದೆ. ನೋಡಿದ್ದೇನೋ ನಿಜ, ವಾಯರ್ ಕಿತ್ತಿರಲಿಲ್ಲ.

ಗೇಟಿನಲ್ಲಿ ಫೋನ್ ಇಟ್ಟುಕೊಂಡರು. ಡಿಸ್ಕಿನ ತಪಾಸಣೆ ಮುಗಿದು ಕೆಲಸ ಶುರುವಾದಾಗ ಹನ್ನೊಂದು. ನಾಲ್ಕರ ಹೊತ್ತಿಗೆ ಪರದೆಯ ಮೇಲೆ ಕಂಟೇನರಿಗೆ ಒಂದರಂತೆ ಇದ್ದ ಹದಿನಾಲ್ಕು ಚುಕ್ಕೆಗಳಲ್ಲಿ ಹದಿಮೂರು ಹಸಿರಾದವು. ಉಳಿದ ಒಂದಕ್ಕೆ ಬೇಕಾದ ಫೈಲು ಡಿಸ್ಕಿನಲ್ಲೇ ಇರಲಿಲ್ಲ. ಊರಲ್ಲಿ ಹಾಕಿ ನೋಡುವಾಗ ಅದು ತಾನಾಗಿಯೇ ಇಂಟರ್ನೆಟ್ಟಿನಿಂದ ಇಳಿದುಬಂದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅದು ಹತ್ತದೆ ಉಳಿದ ಹದಿಮೂರೂ ದಂಡ. ಹೊರಗಿನಿಂದ ತಂದದ್ದನ್ನು ಬೆಳಿಗ್ಗೆ ಮಾತ್ರ ತಪಾಸಣೆಗೆ ಕೊಡಬೇಕೆಂಬುದು ನಿಯಮ. ಹೊರಗೆ ಹೋಗಿ ಫೈಲು ಇಳಿಸಿ ತರುತ್ತೇನೆ, ಒಮ್ಮೆ ಸಡಿಲಿಸಿ ಎಂದು ಬೇಡಿಕೊಂಡೆ.

"ನಾ ಬರದಿಟ್ಟ ರೂಲ್ ನಾನಽ ಮುರೀಲೇನು?" ಎಂದರು ಮೇಡಂ.

ಐದೂವರೆಗೆ ಹಾರ ಹಾಕಿಸಿಕೊಂಡು, ಪೇಡಾ ಹಂಚಿ, ಗೇಟ್ ಪಾಸು ಒಪ್ಪಿಸಿ ಹೊರಟುಹೋದರು. ನನಗೂ ಒಂದು ಪೇಡಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎನ್ನುತ್ತಾರೆ. ಲಾಡ್ಜಿನಲ್ಲಿ ಫೈಲು ಇಳಿಸಿಕೊಳ್ಳುತ್ತ ನಾನು ಅದನ್ನೇ ಚಿಂತಿಸಿದೆ.

ಮರುದಿನ ಹನ್ನೆರಡಕ್ಕೆ ಎಲ್ಲವೂ ಹಸಿರಾಯಿತು. ಗೇಟಿಗೆ ಬಂದರೆ, ಹೊರಗೆ ಕೊಡೆ ಹಿಡಿದು ಮೇಡಂ ನಿಂತಿದ್ದರು. ಪಾಸಿಲ್ಲದ್ದಕ್ಕೆ ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ.

"ಹತ್ತಿತೇನ್ರಿ?"

"ಹತ್ತೇತ್ರಿ ಮೇಡಂ."

ತೋರಿಸೋಣವೆಂದರೆ ಫೋಟೋ ಇಲ್ಲ, ಫೋನು ಗೇಟಿನಲ್ಲೇ ಇತ್ತಲ್ಲ.

"ಹೆಂಗ ಕಾಣ್ತದ, ಬಾಯಿಲೆ ಹೇಳ್ರಿ."

ಹೇಳಿದೆ: ಮೇಲೆ ಲ್ಯಾಬಿನ ಹೆಸರು, ಎಡಕ್ಕೆ ಪಟ್ಟಿ, ಹದಿನಾಲ್ಕು ಹಸಿರು ಚುಕ್ಕೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹದಿಮೂರು ನಾನೂ ನೋಡೀನಿ ಬಿಡ್ರಿ" ಎಂದು ನಕ್ಕು, ಸ್ಟೇಷನ್ ಕಡೆ ನಡೆದರು. ನನ್ನ ದಾರಿಯೂ ಅದೇ. ಆದರೆ ಜೊತೆಗೆ ನಡೆಯಲು ಮುಖವಿಲ್ಲದೆ, ಅವರ ಕೊಡೆ ಕಾಣದಾಗುವವರೆಗೆ ಗೇಟಿನಲ್ಲೇ ನಿಂತಿದ್ದೆ.