ರಾಗಿ ಹೊಲದ ಮುಂದೆ ನಿಂತ ದಂಡು

ಕಳೆದ ಶನಿವಾರ ನಮ್ಮ ಇಡೀ ಆಫೀಸು ಯುದ್ಧಕ್ಕೆ ಹೋಗಿತ್ತು.

ಗಾಬರಿಯಾಗಬೇಡಿ. ಹೊಸಕೋಟೆ ದಾರಿಯ ಒಂದು ರೆಸಾರ್ಟಿಗೆ. ಇದಕ್ಕೆ ಟೀಮ್ ಬಿಲ್ಡಿಂಗ್ ಅಂತ ಹೆಸರು. ಬರುವುದಿಲ್ಲ ಅನ್ನುವ ಹಾಗಿಲ್ಲ, ಹಾಜರಿ ಕಡ್ಡಾಯ. ಕೈಗೆ ಬಣ್ಣ ಹಾರಿಸುವ ಪ್ಲಾಸ್ಟಿಕ್ ಬಂದೂಕು, ಮೈಮೇಲೆ ಹಸಿರು ಚುಕ್ಕೆಯ ಜಾಕೆಟ್ಟು. ಇಪ್ಪತ್ತೈದು ದಾಟದ ಒಬ್ಬ ಇನ್‌ಸ್ಟ್ರಕ್ಟರ್ ಸೀಟಿ ಊದಿ, "ಎಲ್ಲಾ ನೆಲಕ್ಕೆ! ಕ್ರಾಲ್!" ಅಂತ ಕೂಗಿದ.

ನಮ್ಮ ಮ್ಯಾನೇಜರ್ ಮಂಡಿಯೂರಿ ಅಂಬೆಗಾಲಿಟ್ಟರು. ಉಳಿದವರು ನಗುತ್ತಾ ಬಗ್ಗಿದರು. ನಾನು? ಹೊಟ್ಟೆ ನೆಲಕ್ಕೆ ಒತ್ತಿ, ಬಂದೂಕನ್ನು ಎರಡೂ ಮೊಣಕೈ ಮೇಲೆ ಅಡ್ಡ ಹಿಡಿದು, ತಲೆ ಎತ್ತದೆ ಇಪ್ಪತ್ತು ಅಡಿ ತೆವಳಿಕೊಂಡು ಹೋಗಿಬಿಟ್ಟೆ. (ಆಮೇಲೆ ಮೂರು ದಿನ ಸೊಂಟ ಹಿಡಿದುಕೊಂಡಿತ್ತು, ಆ ಮಾತು ಬೇರೆ.)

ಹುಬ್ಬಳ್ಳಿ ಕಡೆಯ ನಮ್ಮ ಸಹೋದ್ಯೋಗಿ ಶಿಲ್ಪಾ ಬಾಯಿಬಿಟ್ಟುಕೊಂಡು ನೋಡಿದರು. "ಸರ್, ನೀವು ಮಿಲಿಟರ್ಯಾಗ ಇದ್ರೇನ್ರಿ?"

"ಇದ್ದೆ," ಅಂದೆ. "ಹತ್ತು ದಿನ."

ಆ ಹತ್ತು ದಿನದ ಕಥೆ ಹೇಳುತ್ತೇನೆ ಕೇಳಿ.

ತೊಂಬತ್ತರ ದಶಕದ ಆರಂಭ. ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ನಾನು ಬಿ.ಕಾಂ ವಿದ್ಯಾರ್ಥಿ. ಬೆನ್ಸನ್ ಟೌನಿನ ಬಾಡಿಗೆ ಮನೆಯಿಂದ ಕಾಲೇಜಿಗೆ ಅಂತ ಹೊರಡುತ್ತಿದ್ದೆ. ಕಾಲುಗಳು ಮಾತ್ರ ಶಿವಾಜಿನಗರದ ಕಡೆ ತಿರುಗಿಬಿಡುತ್ತಿದ್ದವು. ಸಮೋಸ, ಹಳೇ ಪುಸ್ತಕದ ಅಂಗಡಿ, ಮಾರ್ನಿಂಗ್ ಶೋ. ಇನ್ನು ಅಟೆಂಡೆನ್ಸ್ ಎಲ್ಲಿಂದ ಬರಬೇಕು?

ಪ್ರಿನ್ಸಿಪಾಲರು ಕರೆಸಿದರು. "ನೋಡಪ್ಪಾ, ಪರೀಕ್ಷೆಗೆ ಕೂರೋಕಾಗಲ್ಲ ನೀನು. ಒಂದೇ ದಾರಿ. ಕೆಡೆಟ್ ಟ್ರೂಪಿಗೆ ಸೇರ್ಕೋ, ಕ್ಯಾಂಪ್ ಮುಗಿಸ್ಕೊಂಡು ಬಾ. ಹಾಜರಾತಿ ನಾನು ನೋಡ್ಕೋತೀನಿ."

ಹೀಗೆ ನಾನು ಖಾಕಿ ತೊಟ್ಟೆ. ದೇಶಭಕ್ತಿಯಿಂದ ಸೇರುವವರಿದ್ದರು, ನೌಕರಿಗೆ ಅನುಕೂಲ ಅಂತ ಸೇರುವವರಿದ್ದರು. ನನ್ನದು ಮಾತ್ರ ಬಲವಂತದ ಭರ್ತಿ.

ದಸರಾ ರಜೆಯಲ್ಲಿ ಕ್ಯಾಂಪು. ಹಲಸೂರಿನಿಂದ ಲಾರಿಯಲ್ಲಿ ತುಂಬಿಕೊಂಡು ಹೋದರು. ಕೆ.ಆರ್. ಪುರ ದಾಟಿ, ರೈಲು ಹಳಿಯ ಆಚೆ ಒಂದು ನೀಲಗಿರಿ ತೋಪು, ಪಕ್ಕದಲ್ಲಿ ಅರ್ಧ ತುಂಬಿದ ಕೆರೆ, ಸುತ್ತ ಹೊಲ. ಬೆಂಗಳೂರು ಅಲ್ಲಿಗೆ ಇನ್ನೂ ಬಂದಿರಲಿಲ್ಲ.

ನಮ್ಮನ್ನು ತಿದ್ದಲು ಇದ್ದವರು ಹವಾಲ್ದಾರ್ ಅಯ್ಯಾದುರೈ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಬೈಗುಳ ಶುರುವಾಗುತ್ತಿದ್ದುದು ಹಿಂದಿಯಲ್ಲಿ, ಮುಗಿಯುತ್ತಿದ್ದುದು ತಮಿಳಿನಲ್ಲಿ, ನಡುವೆ ಅರ್ಥವಾಗಲಿ ಅಂತ ಸ್ವಲ್ಪ ಕನ್ನಡ. ನನ್ನ ಹೆಸರನ್ನು ಅವರು ಕೊನೆಯವರೆಗೂ ಕೇಳಲೇ ಇಲ್ಲ.

"ಏ ಬಿ.ಕಾಂ! ಪೇಟ್ ಅಂದರ್! ಏನ್ ತಂಬಿ, ಎಲೆಕೋಸ್ ಮಾದಿರಿ ನಿಂತಿದೀಯ?"

ನನ್ನ ಬೂಟು ಎರಡು ನಂಬರ್ ದೊಡ್ಡದು. ಲೆಫ್ಟ್ ಟರ್ನ್ ಅಂದಾಗ ನಾನು ತಿರುಗುತ್ತಿದ್ದೆ, ಬೂಟು ನಿಧಾನಕ್ಕೆ ಹಿಂದಿನಿಂದ ಬರುತ್ತಿತ್ತು.

ನಮ್ಮ ಸೆಕ್ಷನ್ನಿನ ಹತ್ತು ಹುಡುಗರಿಗೆ ನಾಯಕ ಮುನಿರಾಜು. ದೊಡ್ಡನೆಕ್ಕುಂದಿಯವನು. ಹದಿನೆಂಟಕ್ಕೇ ಮೀಸೆ ಗಟ್ಟಿಯಾಗಿತ್ತು. ಕಂಚಿನ ಚೊಂಬಿಗೆ ಕೆಂಡ ತುಂಬಿ ತನ್ನ ಯೂನಿಫಾರಂ ಇಸ್ತ್ರಿ ಮಾಡಿಕೊಳ್ಳುತ್ತಿದ್ದ, ಆಮೇಲೆ ಕೇಳದೆಯೇ ನನ್ನದನ್ನೂ. ಅವನಿಗೆ ಇದ್ದದ್ದು ಒಂದೇ ಗುರಿ, ಸೈನ್ಯ. ಅದಕ್ಕೂ ಮೊದಲು ಜನವರಿಯ ದೆಹಲಿ ಪೆರೇಡು. ಕ್ಯಾಂಪಿನ ಕೊನೆಯ ಕಸರತ್ತಿನಲ್ಲಿ ಯಾರ ಸೆಕ್ಷನ್ ಗೆಲ್ಲುತ್ತದೋ ಆ ನಾಯಕನ ಹೆಸರು ದೆಹಲಿಗೆ ಹೋಗುತ್ತದೆ ಅಂತ ಮೊದಲ ದಿನವೇ ಹೇಳಿದ್ದರು.

"ನಮ್ಮಮ್ಮ ಆಗ್ಲೇ ಊರೆಲ್ಲ ಹೇಳ್ಕೊಂಡ್ ಬಂದೈತೆ ಮಗಾ," ಅಂತ ನಗುತ್ತಿದ್ದ. "ಟೀವೀಲಿ ಬರ್ತಾನೆ ನೋಡಿ ನನ್ ಮಗ ಅಂತ."

ಎಂಟನೆಯ ದಿನ ಆ ಕಸರತ್ತು ಬಂತು. ಎದುರಿಗೊಂದು ಕಲ್ಲುದಿಬ್ಬ, ಅದರ ನೆತ್ತಿಯಲ್ಲಿ ಕೆಂಪು ಬಾವುಟ. ದಿಬ್ಬದ ಮೇಲೆ ಇನ್ನೊಂದು ಕಾಲೇಜಿನವರು ಶತ್ರುಗಳು. ನಾವು ಮೂರು ಸೆಕ್ಷನ್ನಿನವರು ಹಳ್ಳದಲ್ಲಿ ಅಡಗಿದ್ದು, ಸೀಟಿ ಊದಿದ ಕೂಡಲೇ ನೇರ ನುಗ್ಗಿ ಬಾವುಟ ಕೀಳಬೇಕು. ಕೈಯಲ್ಲಿ ಮರದ ರೈಫಲ್ಲು. ಬಿಸ್ಕೆಟ್ ಡಬ್ಬಕ್ಕೆ ಕಲ್ಲು ತುಂಬಿ ಅಲ್ಲಾಡಿಸಿದರೆ ಅದೇ ಮೆಷಿನ್ ಗನ್. ದೂರದ ಶಾಮಿಯಾನದ ಕೆಳಗೆ ಅತಿಥಿಯಾಗಿ ಬಂದ ಮೇಜರ್ ಸಾಹೇಬರು ದುರ್ಬೀನು ಹಿಡಿದು ಕೂತಿದ್ದರು. ಪಕ್ಕದಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು. ಕಾಲೇಜಿನಲ್ಲಿ ಡಿಮ್ಯಾಂಡು ಸಪ್ಲೈ ಪಾಠ, ಕ್ಯಾಂಪಿನಲ್ಲಿ ಅವರೇ ನಮ್ಮ ಆಫೀಸರು.

ಒಂದು ಮಾತು ಹೇಳಲೇಬೇಕು. ಎಂಟು ದಿನ ಎಲ್ಲವನ್ನೂ ಗೇಲಿ ಮಾಡಿದ್ದ ನನಗೆ ಅವತ್ತು ಏನೋ ಆಗಿತ್ತು. ಹಳ್ಳದಲ್ಲಿ ಮಣ್ಣಿಗೆ ಕೆನ್ನೆ ಒತ್ತಿ, ಸೀಟಿಗೆ ಕಿವಿಗೊಟ್ಟು ಮಲಗಿದ್ದೆ. ಅಕ್ಕಪಕ್ಕದಲ್ಲಿ ನನ್ನ ಹಾಗೇ ಮಲಗಿದ ಒಂಬತ್ತು ಜನ. ಜೀವನದಲ್ಲಿ ಮೊದಲ ಸಲ ನಾನು ಯಾವುದಕ್ಕೋ ಸೇರಿದವನು ಅನ್ನಿಸಿತ್ತು.

ಸೀಟಿ ಕೇಳಿಸಿತು.

"ಚಾರ್ಜ್!" ಅಂತ ಮೊದಲು ಕೂಗಿದ್ದು ಮುನಿರಾಜು ಅಲ್ಲ, ನಾನು. ಹಳ್ಳದಿಂದ ಹಾರಿ ಓಡಿದೆ. ಮುಂದೆ ಏನೋ ಹಸಿರು. ನುಗ್ಗಿದೆ. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ನನ್ನ ಹಿಂದೆ ನಾಲ್ಕೈದು ಹುಡುಗರು. ಕಾಲಿಗೆ ಏನೇನೋ ತೊಡರುತ್ತಿತ್ತು, ಪಟಪಟ ಮುರಿಯುತ್ತಿತ್ತು. ಯಾರೋ ಹಿಂದಿನಿಂದ ಹಾರಿ ನನ್ನ ಕಾಲು ಹಿಡಿದರು. ಮುಖ ಅಡಿಯಾಗಿ ಬಿದ್ದೆ.

ಮುನಿರಾಜು.

"ತೆನೆ ಕಟ್ಟೈತೆ ಕಣೋ! ಕಣ್ ಕಾಣಲ್ವಾ?"

ಆಗ ನೋಡಿದೆ. ರಾಗಿ. ಸೊಂಟದೆತ್ತರದ ರಾಗಿ, ಮುಷ್ಟಿ ಹಿಡಿದ ಹಾಗೆ ತೆನೆ. ಕ್ಯಾಂಪಿನ ಹಳೆಯ ನಕ್ಷೆಯಲ್ಲಿ ಆ ಜಾಗ ಖಾಲಿ ಅಂತಿತ್ತು. ನಕ್ಷೆ ನೋಡಿ ಯಾರಾದರೂ ಬಿತ್ತನೆ ಮಾಡುತ್ತಾರೆಯೇ?

"ನೇರ ಹೋಗ್ಬೇಕು ಅಂತ ಆರ್ಡರ್ ಇದೆ ಅಲ್ವೇನೋ!" ಅಂದೆ.

"ಆಗಲ್ಲ," ಅಂದ ಮುನಿರಾಜು. "ಬದು ಮೇಲೆ ಸುತ್ಕೊಂಡ್ ಹೋಗೋಣ. ಎಲ್ಲಾ ವಾಪಸ್ ಬನ್ರೋ!"

ಉಳಿದ ಎರಡು ಸೆಕ್ಷನ್ನಿನವರ ಪಾಲಿಗೆ ಬೀಳು ಭೂಮಿ ಬಂದಿತ್ತು, ಅವರು ಓಡಿದರು. ನಾವು ಹತ್ತು ಜನ ಕಿರಿದಾದ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು, ಮದುವೆ ದಿಬ್ಬಣದ ಹಾಗೆ. ದಿಬ್ಬದ ಮೇಲಿನ ಶತ್ರುಗಳು ಡಬ್ಬ ಅಲ್ಲಾಡಿಸುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾವು ತಲುಪುವಷ್ಟರಲ್ಲಿ ಬಾವುಟ ಬೇರೆಯವರ ಕೈಯಲ್ಲಿತ್ತು.

ಮೇಜರ್ ಸಾಹೇಬರು ನಕ್ಕು, "ನೀವೆಲ್ಲ ಯಾವಾಗಲೋ ಸತ್ತಿದ್ದೀರಿ," ಅಂತ ಇಂಗ್ಲಿಷಿನಲ್ಲಿ ಹೇಳಿ ಜೀಪು ಹತ್ತಿದರು. ಮೇಷ್ಟ್ರು ನಗಲಿಲ್ಲ. ಮುಖ ಕಪ್ಪಿಟ್ಟಿತ್ತು.

"ಯಾಕ್ ನಿಲ್ಸಿದೆ?" ಅಂತ ಮುನಿರಾಜುವನ್ನು ಕೇಳಿದರು.

"ರಾಗಿ ಇತ್ತು ಸರ್."

"ಯುದ್ಧದಲ್ಲಿ ರಾಗಿ ನೋಡ್ಕೊಂಡ್ ನಿಲ್ತಾರೇನಯ್ಯಾ?"

"ಇದು ಯುದ್ಧ ಅಲ್ವಲ್ಲ ಸರ್. ಕ್ಯಾಂಪು."

ಮಾತು ಮೆತ್ತಗೇ ಇತ್ತು. ಮೇಷ್ಟ್ರಿಗೆ ಅದೇ ಹೆಚ್ಚು ಉರಿಯಿತು. ಸುತ್ತ ನೋಡಿ ನನ್ನ ಕಡೆ ಬೆರಳು ತೋರಿಸಿದರು. "ನೀನ್ ಹೇಳು. ನೀನು ಮುಂದೆ ಓಡಿದ್ದನ್ನ ನಾನೇ ನೋಡ್ದೆ. ಇವನು ತಡೆದನಾ?"

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ: ಅಟೆಂಡೆನ್ಸ್.

"ಹೌದು ಸರ್. ಕಾಲು ಹಿಡಿದು ಕೆಡವಿಬಿಟ್ಟ."

ಸುಳ್ಳೇ? ಅಲ್ಲ. ಒಂದಕ್ಷರವೂ ಸುಳ್ಳಲ್ಲ. ಎಲ್ಲರೂ ಒಪ್ಪಿಯೇ ಸುತ್ತಿ ಬಂದೆವು ಸರ್ ಅಂದಿದ್ದರೆ ಅದೂ ಸುಳ್ಳಾಗುತ್ತಿರಲಿಲ್ಲ. ನಾನು ಹಾಗೆ ಹೇಳಲಿಲ್ಲ.

ನಮ್ಮೆಲ್ಲರ ಎದುರಿಗೆ ಮೇಷ್ಟ್ರು ಮುನಿರಾಜುವಿನ ತೋಳಿನ ಪಟ್ಟಿ ಬಿಚ್ಚಿಸಿದರು. ದೆಹಲಿ ಪಟ್ಟಿಯಿಂದ ಹೆಸರು ಹೋಯಿತು. ಅವನು ಅಟೆನ್ಷನ್ನಿನಲ್ಲೇ ನಿಂತಿದ್ದ. ಕಣ್ಣು ಮಾತ್ರ ದಿಬ್ಬದ ಕಡೆ ಇತ್ತು.

ಮರುದಿನ ಬೆಳಿಗ್ಗೆ ಚಹಾ ಆದ ಮೇಲೆ ಹವಾಲ್ದಾರ್ ಅಯ್ಯಾದುರೈ ನಮ್ಮ ಹತ್ತು ಜನರನ್ನು ಸಾಲು ನಿಲ್ಲಿಸಿದರು. ಏನು ಎತ್ತ ಹೇಳಲಿಲ್ಲ. ಮಾರ್ಚ್ ಮಾಡಿಸಿಕೊಂಡು ನೇರ ಆ ಹೊಲಕ್ಕೇ ಕರೆದುಕೊಂಡು ಹೋದರು. ಬದುವಿನ ಮೇಲೆ ಕುಡುಗೋಲು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಅರವತ್ತರ ಮೇಲಿರಬೇಕು. ಹೆಸರು ನಂಜಮ್ಮ ಅಂತ ಆಮೇಲೆ ಗೊತ್ತಾಯಿತು.

ಹವಾಲ್ದಾರರು ಟೋಪಿ ತೆಗೆದರು. (ಅವರು ಟೋಪಿ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.) "ಅಮ್ಮಾ, ನಮ್ ಹುಡುಗ್ರು ತಪ್ಪು ಮಾಡಿದಾರೆ. ಏನ್ ಕೆಲ್ಸ ಹೇಳ್ತೀರೋ ಹೇಳಿ, ಮಾಡ್ತಾರೆ."

"ಬಿದ್ದಿರೋ ರಾಗಿ ಎತ್ತಿ ನಿಲ್ಸಾಕಾಯ್ತದಾ ಸ್ವಾಮಿ?" ಅಂದಳು ನಂಜಮ್ಮ. "ಯಾವನು ಮೊದ್ಲು ನುಗ್ಗಿದ್ದು?"

ನಾನು ಕೈ ಎತ್ತಿದೆ. ಹಿಂದಿನ ದಿನ ಹೇಳಬೇಕಾದ ಮಾತು ಒಂದು ದಿನ ತಡವಾಗಿ ಬಾಯಿಗೆ ಬಂತು. "ನಾನೇ ಅಮ್ಮ. ಇವನು ತಡೆದ."

"ಯಾವೂರಪ್ಪ ನಿಂದು?"

"ಬೆನ್ಸನ್ ಟೌನು."

"ಅಲ್ಲೇನ್ ಬೆಳೀತೀರಾ?"

"ಏನೂ ಇಲ್ಲಮ್ಮ. ಕುಂಡದಲ್ಲಿ ಕ್ರೋಟನ್ ಗಿಡ ಇದೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮುರಿದದ್ದನ್ನು ಹಸುವಿಗೆ ಕೊಯ್ದು ಹಾಕಿ, ಬಾಗಿದ್ದನ್ನು ನಾಲ್ಕು ನಾಲ್ಕು ದಂಟು ಸೇರಿಸಿ ಕಟ್ಟಿ ಅಂದಳು. ಬಿಸಿಲೇರುವವರೆಗೆ ಕಟ್ಟಿದೆವು. ನನ್ನ ಕಟ್ಟುಗಳು ಬಿಚ್ಚಿಕೊಳ್ಳುತ್ತಿದ್ದವು. ಮುನಿರಾಜು ಕಟ್ಟುವುದನ್ನು ಸ್ವಲ್ಪ ಹೊತ್ತು ನೋಡಿ, "ನೀನು ನಮ್ಮಂಗೆ ಹೊಲ ಮಾಡೋರ ಮಗ," ಅಂತಷ್ಟೇ ಹೇಳಿದಳು. ಹೊರಡುವಾಗ ಮಜ್ಜಿಗೆ ಕೊಡುತ್ತಾಳೆ ಅಂತ ನನಗೆ ಆಸೆ ಇತ್ತು. ಕೊಡಲಿಲ್ಲ. ಯಾಕೆ ಕೊಡಬೇಕು?

ರಾಗಿ ಸಾಲಿನಲ್ಲಿ ಪಕ್ಕಪಕ್ಕ ಕೂತು ಕಟ್ಟುತ್ತಿದ್ದಾಗ ನಾನು, "ಸಾರಿ ಮಗಾ," ಅಂದಿದ್ದೆ.

"ನೀನು ನಿಜಾನೇ ಹೇಳ್ದೆ ಬಿಡು," ಅಂದ ಮುನಿರಾಜು, ದಂಟು ಕಟ್ಟುತ್ತಲೇ. "ಆದ್ರೆ ಮೇಷ್ಟ್ರ ಪಕ್ಕ ನಿಂತ್ಕೊಂಡು ಹೇಳ್ದೆ."

ಆ ಕ್ಯಾಂಪು ಮುಗಿದು ಹದಿನೈದು ವರ್ಷವಾಯಿತು. ಈ ಮಾತು ಇನ್ನೂ ಒಳಗೆಲ್ಲೋ ಚುಚ್ಚುತ್ತದೆ.

ಅಟೆಂಡೆನ್ಸ್ ಸರಿಯಾಯಿತು, ನಾನು ಪಾಸಾದೆ. ಮುನಿರಾಜು ಡಿಗ್ರಿ ಮುಗಿಯುವುದಕ್ಕೂ ಕಾಯದೆ ಭರ್ತಿಗೆ ನಿಂತು ಸೈನ್ಯ ಸೇರಿಯೇಬಿಟ್ಟ. ಶುರುವಿನಲ್ಲಿ ಕಾಗದ ಬರೆಯುತ್ತಿದ್ದ. ಆಮೇಲೆ ನಿಂತಿತು. ಬರೆಯದೆ ಬಿಟ್ಟವನು ನಾನೇ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಬಸ್ಸಿಗೆ ನಿಂತಿದ್ದೆ. ಹೆಗಲ ಮೇಲೆ ಯಾರದೋ ಕೈ ಬಿತ್ತು. "ಏನ್ ಗುರು ಬಿ.ಕಾಂ, ಬೂಟ್ ಸರಿ ಆಯ್ತಾ?"

ಅದೇ ಮೀಸೆ. ರಜೆಯ ಮೇಲೆ ಬಂದಿದ್ದ. ಹೋಟೆಲಿನಲ್ಲಿ ಕಾಫಿ ಹಿಡಿದು ಕೂತೆವು. ಕ್ಯಾಂಪಿನ ಜಾಗ ಯಾವುದು ಅಂತ ಇಬ್ಬರೂ ಲೆಕ್ಕ ಹಾಕಿದೆವು. ತೋಪು ಇದ್ದಲ್ಲಿ ಗಾಜಿನ ಕಟ್ಟಡ, ದಿಬ್ಬ ಒಡೆದು ಜಲ್ಲಿಯಾಗಿ ಹೋಗಿದೆ, ಕೆರೆ ಅರ್ಧ ಮುಚ್ಚಿದೆ. ನಂಜಮ್ಮನ ಹೊಲದಲ್ಲಿ ಪಾರ್ಕಿಂಗ್ ಇರಬೇಕು ಅಂದ. ಹವಾಲ್ದಾರರ ಬೈಗುಳ ಒಂದೊಂದೇ ನೆನಪು ಮಾಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ತಾನಾಗಿಯೇ ಹೇಳಿದ.

"ಎರಡ್ ವರ್ಷದ ಹಿಂದೆ ಯುದ್ಧ ಆಗೇಬಿಡ್ತದೆ ಅಂತ ಬಾರ್ಡರ್‌ನಲ್ಲಿ ಎಲ್ರನ್ನೂ ತಂದ್ ನಿಲ್ಸಿದ್ರಲ್ಲ, ಆಗ ಪಂಜಾಬ್‌ನಲ್ಲಿದ್ದೆ. ನನ್ನ ಕೈಕೆಳಗೆ ಹತ್ ಜನ. ಒಂದು ಗೋಧಿ ಹೊಲದಲ್ಲಿ ಕಂದಕ ಅಗೀಬೇಕು ಅಂತ ಆರ್ಡರ್ ಬಂತು. ಮೊಣಕಾಲುದ್ದ ಬೆಳೆದಿತ್ತು ಮಗಾ."

"ಏನ್ ಮಾಡ್ದೆ?"

"ಅಗೆದ್ವಿ. ಅದು ಕ್ಯಾಂಪಲ್ಲ. ಸುತ್ಕೊಂಡ್ ಎಲ್ಲಿಗ್ ಹೋಗೋದು? ಸಾಯಂಕಾಲ ಆ ಹೊಲದ ಮುದುಕ, ಸರ್ದಾರ್ಜಿ, ಕೊಳಗದ ತುಂಬ ಬಿಸಿ ಹಾಲು ತಂದ. ನಮ್ ಹುಡುಗ್ರೆಲ್ಲ ಕುಡಿದ್ರು. ನನ್ ಕೈಲಾಗ್ಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದೆ."

"ಅದು ನಿನ್ ತಪ್ಪಲ್ಲ ಬಿಡೋ."

"ತಪ್ಪು ಅಂತ ನಾನೂ ಹೇಳ್ತಿಲ್ಲ." ಲೋಟದ ತಳದ ಕಾಫಿಯನ್ನು ಸುಮ್ಮನೆ ಸುತ್ತಿಸುತ್ತಿದ್ದ. "ಆದ್ರೆ ಅವತ್ತು ಆ ರಾಗಿ ಹೊಲದಲ್ಲಿ ಹದಿನೆಂಟು ವರ್ಷ ಮಗಾ. ಆಗಲ್ಲ ಅಂತ ಬಾಯಿಗ್ ಬಂದ್ಬಿಡ್ತಿತ್ತು. ಈಗ ಬರಲ್ಲ."

ಕಾಫಿ ಮುಗಿಸಿ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ಬಂತು. ಇಳಿಸಂಜೆಯ ಗದ್ದಲದಲ್ಲಿ ಅವನು ದೊಡ್ಡನೆಕ್ಕುಂದಿ ಕಡೆ, ನಾನು ಇಂದಿರಾನಗರದ ಕಡೆ.

ಮುನಿರಾಜುವಿಗೆ ಒಂದು ದೇಶದ ಗಡಿಯ ಕಾರಣವಾದರೂ ಇತ್ತು. ನನಗೆ, ನಿಮಗೆ ಏನಿದೆ? ಬಾಸ್ ಮುಖ ಗಂಟಿಕ್ಕಿದರೆ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಹತ್ತು ಜನ ಒಂದು ಕಡೆ ಆದರೆ, ಅಷ್ಟಕ್ಕೇ ತಲೆಯಾಡಿಸಿಬಿಡುತ್ತೇವಲ್ಲ.

ನೀವು ಕೊನೆಯ ಸಲ 'ಆಗಲ್ಲ' ಅಂದದ್ದು ಯಾವಾಗ?