ಬಾಗೇವಾಡಿ ಲೈನಿನಲ್ಲಿ ಬಂದ ಔಷಧ

ಬಿಜಾಪುರ ಜಿಲ್ಲೆಯ ಇಂಡಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದಾಗ ಒಂದು ವಿಷಯಕ್ಕೆ ಊರಲ್ಲೆಲ್ಲ ಹೆಸರಾಗಿದ್ದೆ. ಯಾರು ನಂಬರು ಕೇಳಿದರೂ "ತಿರುಗಿ ಹೇಳ್ರಿ" ಅನ್ನುತ್ತಿದ್ದೆ. ಅವರು ಹೇಳಿದ ಮೇಲೆ ನಾನೊಮ್ಮೆ ಹೇಳಿ, ಹೌದು ಅನ್ನಿಸಿಕೊಂಡು, ಆಮೇಲೆ ಬೋರ್ಡಿಗೆ ವೈರು ಚುಚ್ಚುತ್ತಿದ್ದೆ. ಲಿಂಬೆ ವ್ಯಾಪಾರಿಯೊಬ್ಬರು ಒಮ್ಮೆ ಬೇಸತ್ತು, "ಬಾಯಾರ, ನಮ್ಮ ಲಗ್ನದಾಗ ಸೈತ ನನ್ನ ಇಷ್ಟ ಸಲ ಕೇಳಿರಲಿಲ್ಲರಿ" ಅಂದಿದ್ದರು. ನಾನೇನೂ ತಿದ್ದಿಕೊಳ್ಳಲಿಲ್ಲ. ತಪ್ಪು ನಂಬರಿಗೆ ಲೈನು ಕೊಟ್ಟರೆ ಏನೇನು ಅನಾಹುತವಾದೀತು ಎಂದು ಯೋಚಿಸುವುದಕ್ಕೆ ನನಗೆ ಯಾವಾಗಲೂ ಪುರಸೊತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಮಗಳಿಗೆ ಆಗ ಏಳು ವರ್ಷ. ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ ಒಮ್ಮೆ ಶಾಲೆಯಿಂದ ಬಂದವಳೇ ಪಾಟಿಚೀಲ ಇಟ್ಟು, ಎಡಗಡೆಯ ಹಣೆಯನ್ನು ಅಂಗೈಯಿಂದ ಒತ್ತಿಕೊಂಡು, "ಅವ್ವಾ, ಈ ಕಡಿ ತಲಿ ಬಂತು" ಅನ್ನುತ್ತಿದ್ದಳು. ಆ ಇನ್ನೊಂದು ಕಡೆಯ ತಲೆ ಇನ್ಯಾರದೋ ಎಂಬಂತೆ. ಕಿಟಕಿ ಮುಚ್ಚಬೇಕು, ಒಗ್ಗರಣೆಯ ವಾಸನೆ ಬರಬಾರದು, ಯಾರೂ ಮಾತಾಡಬಾರದು. ಒಮ್ಮೆ ವಾಂತಿ ಮಾಡಿ ಮಲಗಿದರೆ ಮೂರು ತಾಸಿನ ಮೇಲೆ ಏನೂ ಆಗಿಲ್ಲದವಳಂತೆ ಎದ್ದು ಶೇಂಗಾ ಕೇಳುತ್ತಿದ್ದಳು. ಆ ಮೂರು ತಾಸು ನಾನು ಅವಳ ಪಕ್ಕ ಕೂತು ಅವಳ ಉಸಿರು ಎಣಿಸುತ್ತಿದ್ದೆ.

ಇಂಡಿಯ ಡಾಕ್ಟರು ಕಣ್ಣು ನೋಡಿ, ನಾಲಿಗೆ ನೋಡಿ, "ಅರ್ಧ ತಲಿಬ್ಯಾನಿ, ದೊಡ್ಡಾಕಿ ಆದ್ರ ಹೋಗ್ತದ" ಎಂದು ಗುಳಿಗೆ ಕೊಟ್ಟರು. ನಾನು ಅಷ್ಟಕ್ಕೆ ಸುಮ್ಮನಾಗುವವಳಲ್ಲ. ಯಾಕೆಂದರೆ ಒಂದು ದಿನ ಲೈನಿನಲ್ಲಿ ಯಾರೋ ಯಾರಿಗೋ "ತಲ್ಯಾಗ ಗಂಟ ಆಗಿತ್ತಂತ" ಅನ್ನುವುದನ್ನು ಕೇಳಿದ್ದೆ. ಮಂದಿಯ ಮಾತು ಕೇಳಬಾರದೆಂಬುದು ನಮ್ಮ ನೌಕರಿಯ ನಿಯಮ. ನಾನು ಕೇಳಲಿಲ್ಲ, ಆ ಗಂಟು ಎಂಬ ಶಬ್ದ ತಾನೇ ಬಂದು ಕಿವಿಯಲ್ಲಿ ಬಿತ್ತು, ಹೊರಗೆ ಹೋಗಲಿಲ್ಲ. ಮಗಳ ತಲೆ ಬಾಚುವಾಗೆಲ್ಲ ಬೆರಳಿನಿಂದ ಬುರುಡೆ ತಡವುತ್ತಿದ್ದೆ. "ಹೇನ ಇಲ್ಲವ್ವಾ" ಅನ್ನುತ್ತಿದ್ದಳು.

ನನ್ನ ಯಜಮಾನರು ದನದ ದವಾಖಾನೆಯಲ್ಲಿ ಕಂಪೌಂಡರು. ಹೆದರಿಕೆ ಎಂಬುದೇ ಇಲ್ಲದ ಮನುಷ್ಯ. ಮಗಳಿಗೆ ಏನಾಯಿತೆಂದರೂ ಅವರದು ಒಂದೇ ಪ್ರಶ್ನೆ: "ಮೇವು ತಿಂದಾಳೇನು?"

"ಆಕಿ ಎಮ್ಮಿ ಅಲ್ರಿ, ನಿಮ್ಮ ಮಗಳು."

"ಎಮ್ಮಿಯಾದ್ರೂ ಮಗಳಾದ್ರೂ ಮೊದಲ ಕೇಳೂದು ಅದನ್ನ."

ಇಂಥವರನ್ನು ನಂಬಿ ಕೂಡಲಾಗುವುದಿಲ್ಲವೆಂದು ನಾನು ನನ್ನ ದಾರಿ ಹಿಡಿದೆ. ನನ್ನ ದಾರಿಯೆಂದರೆ ಲೈನು. ಬೇರೆ ಊರಿನ ಆಪರೇಟರುಗಳ ಮುಖವನ್ನು ನಾವು ನೋಡಿದ್ದಿಲ್ಲ. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ನಾನು ಇಂಡಿ. ಸಿಂದಗಿಯಲ್ಲಿದ್ದವಳು ಸಿಂದಗಿ ಅಕ್ಕ. ಮುದ್ದೇಬಿಹಾಳದಲ್ಲೊಬ್ಬ ನಗೆಚಾಟಿಕೆಯ ಹುಡುಗಾಟದ ಗೃಹಸ್ಥ. ಬಸವನಬಾಗೇವಾಡಿಯಲ್ಲಿದ್ದವರು ನಿವೃತ್ತಿಗೆ ಹತ್ತಿರವಾದ ಬಾಗೇವಾಡಿ ಕಾಕಾ. ಕೆಲಸವಿಲ್ಲದ ಹೊತ್ತಿನಲ್ಲಿ ಲೈನು ಸರಿಯಿದೆಯೇ ಎಂದು ಪರೀಕ್ಷಿಸಬೇಕಾದ್ದು ನಮ್ಮ ಕರ್ತವ್ಯ. ನಾನು ಆ ತಿಂಗಳುಗಳಲ್ಲಿ ಮಾಡಿದಷ್ಟು ಕರ್ತವ್ಯವನ್ನು ಇಡೀ ಜಿಲ್ಲೆಯಲ್ಲಿ ಯಾರೂ ಮಾಡಿರಲಾರರು.

ಮೊದಲ ಔಷಧ ಸಿಂದಗಿ ಅಕ್ಕನದು. ಹೊತ್ತು ಮೂಡುವ ಮೊದಲು ಹಾಲಿನಲ್ಲಿ ನೆನೆಸಿದ ಜಿಲೇಬಿ, ಮೂಡಣಕ್ಕೆ ಮುಖ ಮಾಡಿ, ಮಾತಾಡದೆ ತಿನ್ನಿಸಬೇಕು. ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಹಿಂದಿನ ದಿನವೇ ಜಿಲೇಬಿ ತಂದಿಟ್ಟೆ. ಮಗಳು ಮೂರು ದಿನ ಶಿಸ್ತಾಗಿ ತಿಂದಳು. ನಾಲ್ಕನೆಯ ದಿನದಿಂದ, ಯಾವತ್ತೂ ಎಬ್ಬಿಸಿದರೂ ಏಳದವಳು, ಕೋಳಿಗಿಂತ ಮೊದಲೇ ಎದ್ದು ನನ್ನ ಸೀರೆ ಜಗ್ಗಿ, "ಅವ್ವಾ, ತಲಿ ಬರುವಂಗ ಐತಿ" ಅನ್ನತೊಡಗಿದಳು. ಯಾವುದು ನೋವು, ಯಾವುದು ಜಿಲೇಬಿ ಎಂದು ತಿಳಿಯದಂತಾಗಿ ಆ ಔಷಧ ನಿಲ್ಲಿಸಿದೆ.

ಎರಡನೆಯದು ಮುದ್ದೇಬಿಹಾಳದ್ದು. "ಲಿಂಬಿ ಊರಾಗ ಕುಂತು ನಮ್ಮನ್ನ ಔಷಧ ಕೇಳ್ತೀರಲ್ಲರಿ ಇಂಡಿ. ಲಿಂಬಿ ಸಿಪ್ಪಿ ಅರದು ಹಣಿಗೆ ಹಚ್ಚರಿ." ಹಚ್ಚಿದೆ. ನಾನು ಮಾಡುವ ಯಾವ ಕೆಲಸವೂ ಅಳತೆಯಲ್ಲಿರುವುದಿಲ್ಲವಾದ್ದರಿಂದ ಕಿವಿಯಿಂದ ಕಿವಿಯವರೆಗೆ ಬಳಿದೆ. ಹಣೆ ಉರಿದು ಕೆಂಪಾಯಿತು. ಸಾಯಂಕಾಲ ಮಗಳು ಬಂದು ಹೇಳಿದಳು, "ಸಾಲ್ಯಾಗ ನನಗ ಉಪ್ಪಿನಕಾಯಿ ಅಂತಾರ." ಲಚ್ಯಾಣದ ಮಠದಿಂದ ತಂದ ಅಂಗಾರದ ಬೂದಿಯನ್ನು ಹಚ್ಚಲು ಹೋದರೆ, ಮೊದಲು ಅದನ್ನು ಮೂಸಿ ನೋಡಿ ಆಮೇಲೆ ಹಣೆ ಕೊಟ್ಟಳು.

ಅಷ್ಟರಲ್ಲಿ ಬಾಗೇವಾಡಿ ಕಾಕಾ ಭರವಸೆ ಕೊಟ್ಟರು. ಅವರ ಊರಲ್ಲಿ ಮಕ್ಕಳ ರೋಗಕ್ಕೆ ಕೈಗುಣದ ಡಾಕ್ಟರೊಬ್ಬರಿದ್ದಾರೆ, ಟ್ರಂಕ್‌ಕಾಲ್ ಮಾಡಲು ಎಕ್ಸ್‌ಚೇಂಜಿಗೇ ಬರುತ್ತಾರೆ, ಬಂದಾಗ ಕೇಳಿ ಹೇಳುತ್ತೇನೆ ಎಂದರು. ಎರಡು ದಿನದ ಮೇಲೆ, ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಬಿಜಾಪುರದ ಮೂಲಕ ಬಾಗೇವಾಡಿ ಬಂತು. ಲೈನಿನಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು.

"ಇಂಡೀ, ಡಾಕ್ಟರ್ ಇಲ್ಲೇ ಕುಂತಾರ. ಎಲ್ಲಾ ಹೇಳೇನಿ. ಹೆದರಿಕಿ ಇಲ್ಲಂತ. ಕೂಸಿಗೆ..." ಸಾಸಿವೆ. "...ಒತ್ತಿಗೆ ಉಣಸಬೇಕಂತ."

ಒಪ್ಪತ್ತಿಗೆ ಉಣಿಸಬೇಕು. ದಿನಕ್ಕೊಂದೇ ಊಟ. ನಮ್ಮ ಮನೆಗಳಲ್ಲಿ ಹೆಂಗಸರು ಸೋಮವಾರ ಹಿಡಿಯುತ್ತೇವಲ್ಲ, ಅದೇ ಒಪ್ಪತ್ತು. ಆದರೆ ಡಾಕ್ಟರು ಇದನ್ನು ಹೇಳುವುದುಂಟೇ?

"ದಿನಾಲೂರಿ ಕಾಕಾ?"

"ದಿನಾಲೂ. ಒಂದಿನಾನೂ ತಪ್ಪಸಬ್ಯಾಡ್ರಿ."

ಅಷ್ಟರಲ್ಲಿ ನನ್ನ ಬೋರ್ಡಿನ ಮೇಲೆ ಲಿಂಬೆ ವ್ಯಾಪಾರಿಯ ನಂಬರಿನ ಬಿಲ್ಲೆ ಬಿತ್ತು, ಅವರು ಫೋನೆತ್ತಿದ್ದಾರೆಂಬ ಗುರುತು. ಕಾಕಾನನ್ನು ಬಿಟ್ಟು ಅತ್ತ ಹೋದೆ. ಆ ವ್ಯಾಪಾರಿಗೆ ಅವತ್ತೂ "ತಿರುಗಿ ಹೇಳ್ರಿ" ಅಂದೆ.

ಏಳು ವರ್ಷದ ಮಗುವಿಗೆ ದಿನಾಲೂ ಒಪ್ಪತ್ತು ಎಂದರೆ ನನ್ನ ಕರುಳು ಒಪ್ಪಲಿಲ್ಲ. ಡಾಕ್ಟರ ಮಾತು ಮೀರುವ ಧೈರ್ಯವೂ ಇರಲಿಲ್ಲ. ನಡುವೆ ನಿಂತು ಒಂದು ರಾಜಿ ಮಾಡಿದೆ: ಸೋಮವಾರ ಮಾತ್ರ, ನನ್ನ ಜೊತೆಗೇ. ಬೆಳಿಗ್ಗೆ ಅರ್ಧ ಕಪ್ ಚಹಾ, ಮತ್ತೆ ದೀಪ ಹಚ್ಚಿದ ಮೇಲೆ ಊಟ. ಮಗಳಿಗೆ ಇದು ದೊಡ್ಡವರ ಕೆಲಸವೆಂದು ಹೆಮ್ಮೆ. ಓಣಿಯಲ್ಲಿ "ಇವತ್ತ ನಂದು ಒಪ್ಪತ್ತು" ಎಂದು ಹೇಳಿಕೊಂಡು ತಿರುಗಿದಳು. ಯಜಮಾನರು ಮಾತ್ರ ಚಪ್ಪಲಿ ಮೆಟ್ಟುತ್ತ, "ಕರುವಿಗೆ ಮೇವು ಬಿಡಿಸೋ ಡಾಕ್ಟರನ್ನ ನಾ ಇನ್ನೂ ನೋಡಿಲ್ಲ" ಅಂದರು.

"ನೀವು ದನದವ್ರು" ಅಂದೆ.

ಆ ಸೋಮವಾರ ಮಧ್ಯಾಹ್ನ ತಲೆ ಬಂತು. ಮುಂದಿನ ಸೋಮವಾರವೂ ಬಂತು. ನಾನು ಹೆದರಲಿಲ್ಲ, ಅದೇ ಆಶ್ಚರ್ಯ. ಮೊದಲು ಯಾವಾಗ ಬರುತ್ತದೆಂದು ತಿಳಿಯದೆ ಸಾಯುತ್ತಿದ್ದವಳಿಗೆ ಈಗ ನೋವು ವಾರ ಹಿಡಿದು ಬರುತ್ತಿದೆ, ತಾಂಬಾದ ಬಸ್ಸಿಗಿಂತ ಸರಿಯಾಗಿ ಬರುತ್ತಿದೆ, ಅಂದರೆ ಔಷಧ ಅದನ್ನು ಜಗ್ಗಿ ಹೊರಗೆ ಹಾಕುತ್ತಿದೆ ಎಂದು ಲೆಕ್ಕ ಹಾಕಿದೆ. ಬೇಗ ಹೊರಬರಲೆಂದು ಗುರುವಾರವನ್ನೂ ಸೇರಿಸಿದೆ. ನೋವು ಗುರುವಾರವೂ ಬರತೊಡಗಿತು.

"ಹೇಳಿದಂಗ ಮಾಡಾಕತ್ತೀರೇನು ತಂಗಿ?" ಎಂದು ಕಾಕಾ ಲೈನಿನಲ್ಲಿ ಕೇಳುತ್ತಿದ್ದರು.

"ಒಂದ ವಾರಾನೂ ತಪ್ಪಿಸಿಲ್ಲರಿ ಕಾಕಾ."

"ಶಾಣ್ಯಾಕಿ."

ದಿನಾಲೂ ಅಂದಿದ್ದನ್ನು ವಾರಕ್ಕೆರಡು ಮಾಡಿದ ಗುಟ್ಟು ಮಾತ್ರ ಹೇಳಿರಲಿಲ್ಲ. ಮಗಳು ಬಡಕಲಾಗುತ್ತ ಬಂದಳು. ಕಣ್ಣಿನ ಕೆಳಗೆ ಕಪ್ಪು. ನನಗೆ ಮತ್ತೆ ಗಂಟು ನೆನಪಾಯಿತು. ಎಲ್ಲ ನನ್ನ ಮೆತ್ತಗಿನ ಮನಸ್ಸಿನ ತಪ್ಪು, ಡಾಕ್ಟರು ಹೇಳಿದ್ದನ್ನು ಪೂರ್ತಿ ಮಾಡಿದ್ದರೆ ಇಷ್ಟೊತ್ತಿಗೆ ಗುಣವಾಗುತ್ತಿತ್ತು ಎಂದು ಗಟ್ಟಿ ಮಾಡಿಕೊಂಡು, ನಾಳೆಯಿಂದ ದಿನಾಲೂ ಒಪ್ಪತ್ತು ಎಂದು ಮನೆಯಲ್ಲಿ ಹೇಳಿದೆ.

ಯಜಮಾನರು ಊಟದ ತಾಟು ಸರಿಸಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅವರ ದನಿ ಏರಿದ್ದನ್ನು ನಾನು ಅವತ್ತೇ ಕೇಳಿದ್ದು. "ಮೊದಲ ಕೂಸಿನ ಕರಕೊಂಡು ಹೋಗಿ ಆ ಡಾಕ್ಟರಿಗೆ ತೋರಿಸು. ಆಮ್ಯಾಲ ಬೇಕಾದ್ರ ನನ್ನೂ ಉಪಾಸ ಕೆಡವು."

ರಜೆ ಸಿಕ್ಕಿದ್ದು ಸೋಮವಾರ. ಹೀಗಾಗಿ ಒಪ್ಪತ್ತಿನಲ್ಲೇ ಹೊರಟೆವು. ತಾಂಬಾ ದಾಟುವಾಗಲೇ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ, ಮೊದಲೇ ಹೇಳಿದ್ದರಿಂದ, ಸಿಂದಗಿ ಅಕ್ಕ ನೋಡಲು ಬಂದಿದ್ದಳು. ದನಿ ಕೇಳಿ ನಾನು ಎತ್ತರದ ದಪ್ಪನೆಯ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಬಂದವಳು ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಕೈಯಲ್ಲಿ ಜಿಲೇಬಿಯ ಪೊಟ್ಟಣ.

"ತಗೋ ತಂಗಿ" ಎಂದು ಮಗಳ ಮುಂದೆ ಹಿಡಿದಳು.

"ಬ್ಯಾಡ್ರಿ ಅಕ್ಕಾ, ಇವತ್ತ ಆಕಿದು ಒಪ್ಪತ್ತು" ಅಂದೆ.

ಅಕ್ಕ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಯಾವ ಡಾಕ್ಟರಿದ್ದಾನವ್ವಾ ಅಂವಾ" ಎಂದು ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿದಳು.

ಬಾಗೇವಾಡಿ ಮುಟ್ಟುವಷ್ಟರಲ್ಲಿ ಮಗಳು ಎರಡು ಸಲ ವಾಂತಿ ಮಾಡಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಕೊಡೆ ಹಿಡಿದು ನಿಂತಿದ್ದರು. ನೇರ ದವಾಖಾನೆಗೇ ಕರೆದೊಯ್ದರು. ಡಾಕ್ಟರು ತೆಳ್ಳನೆಯ ವಯಸ್ಸಾದ ಮನುಷ್ಯ. ಕಿಟಕಿಯ ಪರದೆ ಎಳೆದು, ಮಗಳನ್ನು ಮಲಗಿಸಿ, ಕಣ್ಣಿಗೆ ಬ್ಯಾಟರಿಯ ಬೆಳಕು ಬಿಟ್ಟು, ಮೊಣಕಾಲಿಗೆ ಬಡಿದು ನೋಡಿದರು. ಆಮೇಲೆ ಅವಳನ್ನೇ ಕೇಳಿದರು, "ಮುಂಜಾನೆ ಏನ ತಿಂದಿ ತಂಗಿ?"

"ಏನೂ ಇಲ್ಲರಿ" ಎಂದು ನಾನು ಹೇಳಿದೆ, ಮೆಚ್ಚಿಕೊಂಡಾರೆಂಬ ಆಸೆಯಿಂದ. "ನೀವು ಹೇಳಿದಂಗ."

"ನಾ ಏನ ಹೇಳಿದ್ದೆ?"

"ಒಪ್ಪತ್ತು. ಆದ್ರ ದಿನಾಲೂ ಆಗಲಿಲ್ಲರಿ, ಖರೇ ಹೇಳ್ತೇನಿ. ವಾರಕ್ಕ ಎರಡ ದಿನಾ."

ಡಾಕ್ಟರು ಕಾಕಾನ ಕಡೆ ತಿರುಗಿದರು. ಕಾಕಾ ಕೊಡೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. ಅವರ ದನಿ ಲೈನಿನಲ್ಲಿ ಕೇಳುತ್ತಿದ್ದುದಕ್ಕಿಂತ ಸಣ್ಣಗಿತ್ತು.

"ಹೊತ್ತೊತ್ತಿಗೆ, ತಂಗಿ. ಕೂಸಿಗೆ ಹೊತ್ತೊತ್ತಿಗೆ ಉಣಸರಿ ಅಂದಿದ್ದೆ."

ಹೊತ್ತುಹೊತ್ತಿಗೆ. ಒಂದು ಹೊತ್ತೂ ತಪ್ಪಿಸದೆ. ದಿನಾಲೂ. ನಾನು ಕಂಡ ಔಷಧಗಳಲ್ಲಿ ಖರ್ಚಿಲ್ಲದ್ದು, ಕಹಿಯಿಲ್ಲದ್ದು ಇದೊಂದೇ. ಅದನ್ನು ತಲೆಕೆಳಗಾಗಿ ಹಿಡಿದು ಆರು ವಾರ ಕುಡಿಸಿದ್ದೆ. ಭೂಮಿ ಬಾಯಿ ಬಿಡಲೆಂದು ಕಾದೆ. ಬಾಗೇವಾಡಿಯ ಭೂಮಿ ಗಟ್ಟಿ, ಬಿಡಲಿಲ್ಲ.

ಡಾಕ್ಟರು ಬಯ್ಯಲಿಲ್ಲ. ಹಸಿವು, ಬಿಸಿಲು, ನಿದ್ದೆಗೇಡು, ಈ ಮೂರೂ ಇದಕ್ಕೆ ಆಗಿಬರುವುದಿಲ್ಲ ಎಂದರು. "ಮನ್ಯಾಗ ಮತ್ತ ಯಾರಿಗರೆ ಐತೇನು?" ಎಂದು ಕೇಳಿದರು. ನನ್ನ ಅವ್ವ ಆಗೀಗ ಹಣೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆ ಸೇರುತ್ತಿದ್ದಳು. ನಾವು ಅದನ್ನು ಸಿಟ್ಟು ಎಂದುಕೊಂಡಿದ್ದೆವು. ಹಾಗೆಂದೆ. "ಸಿಟ್ಟಲ್ಲ, ಇದ ಬ್ಯಾನಿ" ಎಂದರು.

"ಡಾಕ್ಟರ, ತಲ್ಯಾಗ ಗಂಟು..."

"ಗಂಟಿಲ್ಲ."

"ಇನ್ನೊಮ್ಮೆ ಹೇಳ್ರಿ."

"ಗಂಟಿಲ್ಲ ಅವ್ವಾರ. ಹೊಟ್ಟ್ಯಾಗ ರೊಟ್ಟಿ ಇಲ್ಲ, ಅಷ್ಟ."

ಮಗಳು ಮೂರು ತಾಸು ಅಲ್ಲೇ ಮಲಗಿದಳು. ಎದ್ದಾಗ ಕಾಕಾನ ಮನೆಯಿಂದ ರೊಟ್ಟಿ, ಶೇಂಗಾಹಿಂಡಿ, ಮೊಸರು ಬಂದಿತ್ತು. ಎರಡು ರೊಟ್ಟಿ ತಿಂದಳು, ಮೇಲೆ ಸಿಂದಗಿಯ ಜಿಲೇಬಿ. ಬೆರಳು ನೆಕ್ಕುತ್ತ ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು, "ಅವ್ವಾ, ನಿನಗ ಕಿವಿಬ್ಯಾನಿ ಐತೇನು?"

ನಾವು ಇಂಡಿ ಮುಟ್ಟುವ ಮೊದಲೇ ಸುದ್ದಿ ನಾಲ್ಕೂ ಎಕ್ಸ್‌ಚೇಂಜಿಗೆ ಮುಟ್ಟಿತ್ತು. ಮುದ್ದೇಬಿಹಾಳ ತಿಂಗಳುಗಟ್ಟಲೆ "ಇಂಡೀ, ಹೊತ್ತೊತ್ತು ನಂಬರ್ ಕೊಡ್ರಿ" ಎಂದು ಕಾಡಿದ. ಯಜಮಾನರು ಮರುದಿನ ಮಗಳ ಬುತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ಇಟ್ಟು ದವಾಖಾನೆಗೆ ಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನೋವು ಪೂರ್ತಿ ಹೋಗಲಿಲ್ಲ. ಎರಡು ತಿಂಗಳಿಗೊಮ್ಮೆ ಬಂದು ಹೋಗುತ್ತಿತ್ತು. ಕಣ್ಣಿನ ಕೆಳಗಿನ ಕಪ್ಪು ಮಾತ್ರ ಹೋಯಿತು, ತಡವುವುದನ್ನು ನನ್ನ ಬೆರಳೂ ಬಿಟ್ಟಿತು. ಸೋಮವಾರದ ಒಪ್ಪತ್ತನ್ನು ಮಗಳು ಬಿಟ್ಟಳು, ನಾನು ಬಿಡಲಿಲ್ಲ. ನಡುವೆಯೇ ನಿಲ್ಲಿಸಿದರೆ ಶಿವನಿಗೆ ಏನನ್ನಿಸೀತೋ ಎಂಬುದು ಹೊಸ ಚಿಂತೆಯಾಗಿತ್ತು.

ಹಾಗೆ ಒಂದು ಸೋಮವಾರ ಮಧ್ಯಾಹ್ನ, ಬೋರ್ಡಿನ ಮುಂದೆ ಕೂತಿದ್ದಾಗ, ನನ್ನ ಎಡಗಡೆಯ ಹಣೆ ಮಿಡಿಯತೊಡಗಿತು. ಹೆಡ್‌ಫೋನು ತೆಗೆದು ಅಂಗೈಯಿಂದ ಒತ್ತಿಕೊಂಡೆ. ಶಾಲೆ ಬಿಟ್ಟು ಬಂದ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ ತೆಗೆದು, ಬದನೆಕಾಯಿ ಪಲ್ಯದ ಕಲೆಯಿದ್ದ ಬಟ್ಟೆಯ ಸಮೇತ ನನ್ನ ತೊಡೆಯ ಮೇಲಿಟ್ಟಳು.

"ಹೊತ್ತೊತ್ತಿಗೆ ಉಣಬೇಕವ್ವಾ."

"ಹೂಂ."

"ಹೂಂ ಅಲ್ಲ. ತಿರುಗಿ ಹೇಳು."

ಲಿಂಬೆ ವ್ಯಾಪಾರಿಯ ಬಿಲ್ಲೆ ಬಿದ್ದಿತ್ತು. ಬಿದ್ದೇ ಇರಲಿ ಎಂದು ಬಿಟ್ಟು, ರೊಟ್ಟಿ ಮುರಿಯುತ್ತ, ತಿರುಗಿ ಹೇಳಿದೆ.