ನನ್ನ ತವರಿಗೆ ಬಂದ ಮದುವೆ ಕುದುರೆ

ನಾನು ಮದುವೆಯಾಗಿ ಬೀದರಿಗೆ ಬಂದಾಗ ನನ್ನ ಗಂಡನಿಗೆ ಆಗಲೇ ಒಬ್ಬಳಿದ್ದಳು. ಬಿಳಿ ಮೈ, ಉದ್ದ ಮುಖ, ನಾಲ್ಕು ಕಾಲು. ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ಹೋಗುವ ಹೆಣ್ಣುಕುದುರೆ. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಅದರ ಬೆನ್ನಿನ ದುಡಿಮೆಯಿಂದ, ಹಾಗಾಗಿ ಸವತಿಮತ್ಸರ ತೋರಿಸುವುದಕ್ಕೂ ನನಗೆ ದಾರಿಯಿರಲಿಲ್ಲ. ನಮ್ಮವರು ಬೆಳಿಗ್ಗೆ ಎದ್ದವರೇ ಕುದುರೆ ಕಟ್ಟುವ ತಬೇಲಾಕ್ಕೆ ಹೋಗಿ ಅದರ ಮುಖ ನೋಡಿ, ಆಮೇಲೆ ಬಂದು ನನ್ನ ಕೈಯ ಚಹಾ ಕುಡಿಯುತ್ತಿದ್ದರು.

"ಹ್ಯಾಂಗ ಇದ್ದಾಳ್ರಿ ನಿಮ್ಮ ಹಿರಿ ಹೆಂಡ್ತಿ?" ಎಂದು ನಾನು ಕೇಳಿದರೆ, "ನಿನಗಿಂತ ಕಮ್ಮಿ ಮಾತಾಡ್ತಾಳ" ಎನ್ನುತ್ತಿದ್ದರು.

ತಬೇಲಾ ಇದ್ದದ್ದು ಹಳೆ ಊರಿನ ಒಂದು ಓಣಿಯ ತುದಿಯಲ್ಲಿ. ಎತ್ತರದ ಕಲ್ಲುಗೋಡೆ, ಒಳಗೊಂದು ಬಾವಿ, ಬೇವಿನ ಮರ. ಟಾಂಗಾ ಹೊಡೆಯುವವರ ಕುದುರೆಗಳೂ ನಮ್ಮದೂ ಅಲ್ಲಿಯೇ ಇರುತ್ತಿದ್ದವು. ತಿಂಗಳ ಬಾಡಿಗೆ ಕೊಟ್ಟರೆ ನೆರಳು, ನೀರು, ಕಟ್ಟಲು ಗೂಟ, ಎಲ್ಲ ಸಿಗುತ್ತಿತ್ತು. ನಮ್ಮದು ಒಂದೇ ಕೋಣೆಯ ಮನೆ. ಅಲ್ಲಿ ಒಂದು ಮೇಕೆ ಕಟ್ಟಲೂ ಜಾಗವಿರಲಿಲ್ಲ.

ಆ ವರ್ಷ ಮಳೆ ಮತ್ತೊಮ್ಮೆ ಕೈಕೊಟ್ಟಿತು. ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಮುಂಬೈಗೆ ಹೋಗತೊಡಗಿದರು. ಮದುವೆಗಳು ನಿಂತವು. ನಡೆದವೂ ಗುಡಿಯಲ್ಲಿ ಎರಡು ಹಾರದಲ್ಲಿ ಮುಗಿದವು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಯಾರು ಮುಡಿಯುತ್ತಾರೆ? ನಾವೋ, ಆ ಮಲ್ಲಿಗೆಯಂಥ ಮೆರವಣಿಗೆಯನ್ನೇ ನಂಬಿ ಬದುಕುವ ಜನ.

ಒಂದು ಸಂಜೆ ತಬೇಲಾದ ಮಾಲಕರು ಬಾಗಿಲಲ್ಲಿ ನಿಂತು ಹೇಳಿದರು: "ಬಾವ್ಯಾಗ ನೀರಿಲ್ಲ. ಮೇವಿನ ಗೋದಾಮಿಗಿ ಬಾಡಿಗಿ ಕೊಟ್ಟೀನಿ. ನಾಳಿಂದ ತಬೇಲಾ ಬಂದ್. ನಿಮ್ಮ ನಿಮ್ಮ ಕುದುರಿ ಒಯ್ಯಿರಿ."

ಎಲ್ಲಿಗೆ ಒಯ್ಯಬೇಕು ಎಂದು ಯಾರೋ ಕೇಳಿದರು. ಅದು ಮಾಲಕರ ಚಿಂತೆಯಲ್ಲ, ಅವರು ಆಗಲೇ ಹೊರಟಿದ್ದರು. ಮರುದಿನ ಕುದುರೆಗಳನ್ನು ಹೊರಗೆ ತಂದು ಓಣಿಯಲ್ಲಿ ನಿಲ್ಲಿಸಿದ್ದಾಗಲೇ ಹುಲ್ಲಿನ ಬಂಡಿಗಳು ಒಳಗೆ ಹೋಗುತ್ತಿದ್ದವು. ಹಸಿದ ಕುದುರೆಗಳು ಕತ್ತು ಚಾಚಿದರೆ ಕಾವಲಿನವನು ಕೋಲಿನಿಂದ ಮೂತಿಗೆ ಬಡಿಯುತ್ತಿದ್ದ. ಟಾಂಗಾ ಹೊಡೆಯುವ ಮುದುಕ ಚಾಚಾ ಅದನ್ನು ನೋಡಿ ನಕ್ಕರು. "ಕುದುರಿ ಹೊರಗ, ಹುಲ್ಲು ಒಳಗ. ವಾಹ್ ರೇ ಜಮಾನಾ!" ನಗುತ್ತಲೇ ಅವರು ಶಲ್ಯದಿಂದ ಕಣ್ಣು ಒರೆಸಿಕೊಂಡರು. ಅದೇ ವಾರ ಕುದುರೆ ಹೊಡೆದುಕೊಂಡು ಭಾಲ್ಕಿಯ ಮಗಳ ಮನೆಗೆ ಹೋದರು. ಅಲ್ಲಿ ಟಾಂಗಾದ ಮೇಲೆ ನೀರಿನ ಪೀಪಾಯಿ ಕಟ್ಟಿ ಓಣಿ ಓಣಿಗೆ ನೀರು ಎಳೆಯುತ್ತಾರೆಂದು ಕೇಳಿದೆವು. ಇನ್ನೊಬ್ಬರು ಕುದುರೆಯನ್ನು ದೀಪದ ಕಂಬಕ್ಕೆ ಕಟ್ಟಿ, ದಿನಾ ಬೈಸಿಕೊಳ್ಳುತ್ತಿದ್ದರು.

ನಮ್ಮದನ್ನು ಮನೆಯ ಬಾಗಿಲಿಗೆ ಕಟ್ಟಿದೆವು. ಅದು ತಲೆ ತೂರಿಸಿದರೆ ನೇರ ನನ್ನ ಒಲೆಯ ಹತ್ತಿರ ಬರುತ್ತಿತ್ತು. ಕಷ್ಟ ಅದಲ್ಲ, ನೀರು. ನಳದ ಮುಂದೆ ಬಿಸಿಲಲ್ಲಿ ಒಣಗಿ ತಂದ ಕೊಡವನ್ನು ಅದು ಒಂದೇ ಉಸಿರಿಗೆ ಹೀರಿ, ಇನ್ನೂ ಇದೆಯೇ ಎಂದು ನನ್ನ ಮುಖ ನೋಡುತ್ತಿತ್ತು.

"ಮಕ್ಕಳಿಗಿ ಕುಡಿಯಾಕ ನೀರಿಲ್ಲ, ನಿಮ್ಮ ಕುದುರಿಗಿ ಕೊಡ ಕೊಡ ಬೇಕೇನ್ರಿ?" ಎಂದಳು ಎದುರು ಮನೆಯವಳು. ನಾನು ಅವಳ ಏಳು ತಲೆಮಾರನ್ನು ಎಳೆದು ಬೈದೆ. ಒಳಗೆ ಬಂದು ಕುಳಿತ ಮೇಲೆ, ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಹುಡುಕಿದೆ. ಸಿಗಲಿಲ್ಲ.

ಇದನ್ನೆಲ್ಲ ಕೇಳಿ ನನ್ನ ಅಣ್ಣ ಬಂದ. ನನ್ನ ತವರು ಔರಾದ ತಾಲ್ಲೂಕಿನ ಒಂದು ಸಣ್ಣ ಹಳ್ಳಿ, ಸಂತಪುರದ ಆಚೆ. "ಮಾವಾ, ನಮ್ಮ ಹೊಲದ ಬಾವ್ಯಾಗ ತಳದಾಗರ ಒಂದೀಟು ನೀರು ಅದ. ಜಾಗ ಸಿಗೂತನಾ ಕುದುರಿ ನಮ್ಮಲ್ಲೇ ಇರ್ಲಿ, ಅವ್ವ ಹೇಳಿ ಕಳಿಸ್ಯಾಳ" ಎಂದ ನಮ್ಮವರಿಗೆ. ಹೆಂಡತಿಯನ್ನು ತವರಿಗೆ ಕಳಿಸುವುದುಂಟು. ಕುದುರೆಯನ್ನು ಹೆಂಡತಿಯ ತವರಿಗೆ ಕಳಿಸಿದವರು ನಾವೇ ಇರಬೇಕು.

ನಸುಕಿನಲ್ಲಿ ಎದ್ದು ನಡೆದುಕೊಂಡೇ ಹೊರಟೆವು. ಜನವಾಡ ದಾಟಿದರೆ ಮಾಂಜ್ರಾ ನದಿಯಲ್ಲಿ ಬರೀ ಮರಳು. ಹೆಂಗಸರು ಮರಳು ತೋಡಿ, ಒಸರುವ ನೀರನ್ನು ಬಟ್ಟಲಿನಲ್ಲಿ ಗೋರುತ್ತಿದ್ದರು. ಅವರಲ್ಲೊಬ್ಬಳು ಕೇಳದೆಯೇ ಕುದುರೆಗೆ ಅರ್ಧ ಬಕೆಟ್ ಕೊಟ್ಟಳು. "ಲಗ್ನದ ಕುದುರಿ, ಬಾಯಾರಿ ಹೋಗಬಾರ್ದು" ಎಂದಳು.

ತವರಿನಲ್ಲಿ ನಮ್ಮವರು ಅವ್ವನನ್ನು ಕೂರಿಸಿಕೊಂಡು ಮಗುವಿಗೆ ಹೇಳುವ ಹಾಗೆ ಹೇಳಿದರು. ಒಣ ಹುಲ್ಲು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸಂಜೆ ನೆನೆಸಿದ ಕಡಲೆ ಒಂದು ಹಿಡಿ. ಜೋಳ ಮಾತ್ರ ಮುಟ್ಟಿಸಬಾರದು.

"ಎತ್ತಿನ ಹೊಟ್ಟಿ ಬ್ಯಾರೆ, ಕುದುರಿ ಹೊಟ್ಟಿ ಬ್ಯಾರೆ ಅತ್ತಿ. ಎತ್ತು ತಿಂದದ್ದು ತಿರುಗಿ ಮೆಲುಕು ಹಾಕ್ತದ. ಇದಕ್ಕ ಒಳಗ ಹೋದದ್ದು ಮ್ಯಾಲ ಬರಂಗಿಲ್ರಿ. ಹೆಚ್ಚಾದ್ರ ಹೊಟ್ಟಿ ಉಬ್ಬಿ ಸಾಯ್ತದ."

"ನೀವು ನಿಶ್ಚಿಂತಿಲಿಂದ ಹೋಗ್ರಿ ಅಳಿಯಂದ್ರೆ" ಎಂದಳು ಅವ್ವ. ಅವರು ಜಾಗ ಹುಡುಕಲು ಬೀದರಿಗೆ ಮರಳಿದರು, ನಾನು ಉಳಿದೆ. ನನ್ನ ತವರಿನವರು ಆ ಮಾತನ್ನು ವ್ರತದ ಹಾಗೆ ಪಾಲಿಸಿದರು. ಅದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಆದರೆ ಊರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಮದುಮಗ ಕುದುರೆ ಹತ್ತುವ ಮೊದಲು ಅವನ ತಾಯಿಯೋ ಅಕ್ಕನೋ ಸೆರಗಿನಲ್ಲಿ ಕಾಳು ತಂದು ಕುದುರೆಗೆ ತಿನ್ನಿಸುತ್ತಾರೆ. ಕುದುರೆ ಹೊಟ್ಟೆ ತುಂಬಿದರೆ ಮಗ ಸುಖವಾಗಿ ಹೋಗಿ ಸುಖವಾಗಿ ಮನೆಗೆ ಬರುತ್ತಾನೆಂಬ ನಂಬಿಕೆ. ಆ ವರ್ಷ ಊರಿನಲ್ಲಿ ಮದುಮಗನಾಗುವ ವಯಸ್ಸಿನವರು ಒಬ್ಬರೂ ಇರಲಿಲ್ಲ, ಎಲ್ಲರೂ ದುಡಿಯಲು ಹೋಗಿದ್ದರು. ಅವರ ತಾಯಂದಿರು ಬಂದು ಕುದುರೆಯ ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನ್ನ ಸವತಿಗೆ ಇಷ್ಟು ಮರ್ಯಾದೆಯೇ ಎಂದು ನಾನು ಬೀಗುತ್ತಿದ್ದೆ.

ನಮ್ಮವರು ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದರು. ಅಷ್ಟು ನಗುಮುಖ ಎಷ್ಟೋ ದಿನದಿಂದ ನೋಡಿರಲಿಲ್ಲ. ಕೋಟೆಯ ಆಚೆ ಯಾರೋ ತೋಟದವರು ಜಾಗ ಕೊಡಲು ಒಪ್ಪಿದ್ದರು. ಸೀದಾ ಕೊಟ್ಟಿಗೆಗೆ ಹೋದವರು ಅಲ್ಲಿಂದಲೇ ನನ್ನನ್ನು ಕೂಗಿದರು. ಕುದುರೆ ಬೆವೆತು, ಕಾಲು ಕೆರೆಯುತ್ತ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು.

ಮಲಗಲು ಬಿಡಬಾರದೆಂದು ಅವರು ಅದನ್ನು ಅಂಗಳದಲ್ಲಿ ಸುತ್ತು ಹಾಕಿಸಿದರು. ಅಣ್ಣ ಸೈಕಲ್ ಹತ್ತಿ ಔರಾದಿಗೆ ಹೋದ. ದನದ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಕುಸಿದು ಬಿತ್ತು, ಮತ್ತೆ ಏಳಲಿಲ್ಲ. ಬಿದ್ದಲ್ಲೇ ಹೊರಳಿ ಹೊರಳಿ ಪ್ರಾಣ ಬಿಟ್ಟಿತು.

ಊರಿನ ಹೆಂಗಸರೆಲ್ಲ ಬಂದು ಸುತ್ತ ಕುಳಿತರು. ಮನುಷ್ಯರು ಹೋದಾಗ ಅಳುವ ಹಾಗೆಯೇ ಅತ್ತರು. "ನಿನ್ನಿ ಸಂಜಿಕಿ ನನ್ನ ಕೈಲಿಂದ ಜ್ವಾಳ ತಿಂದಿತ್ತಲ್ಲವ್ವಾ" ಎಂದಳು ಒಬ್ಬಳು. "ನನ್ನ ಕೈಲಿಂದೂ ತಿಂತು, ನೀವು ನೀರಿಗಿ ಹೋದಾಗ" ಎಂದಳು ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು, ಮಗದೊಬ್ಬಳು. ಒಬ್ಬಳು ಹಾಕಿದ್ದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ತಮಗೇ ಗಂಜಿಗಿಲ್ಲದ ಜೋಳವನ್ನು ಸೆರಗಿನಲ್ಲಿ ಮುಚ್ಚಿ ತಂದು, ದೂರ ಹೋದ ಮಕ್ಕಳ ಹೆಸರಿನಲ್ಲಿ ತಿನ್ನಿಸಿದ್ದರು.

ಕುದುರೆಯ ಕುತ್ತಿಗೆ ಸವರುತ್ತಿದ್ದ ನಮ್ಮವರ ಕೈ ನಿಂತಿತು. ಅವರು ನನ್ನನ್ನು ನೋಡಿದರು.

ಪಕ್ಕದ ಮನೆಯ ಮುದುಕಿ ಕೋಲೂರಿಕೊಂಡು ಬಂದಳು. ಅವಳ ಒಬ್ಬನೇ ಮಗ ಮುಂಬೈಗೆ ಹೋದವನು ಕಾಗದವನ್ನೂ ಹಾಕಿರಲಿಲ್ಲ. ನಮ್ಮವರ ಮುಂದೆ ಕುಳಿತು ಕೇಳಿದಳು: "ಹಸ್ಕೊಂಡು ಸತ್ತದೇನಪ್ಪಾ? ನಾ ಒಂದೇ ಬೊಗಸಿ ಹಾಕಿದ್ದೆ. ಇನ್ನೊಂದು ಬೊಗಸಿ ನನಗಿರ್ಲಿ ಅಂತ ಇಟ್ಕೊಂಡೆ, ಪಾಪಿ ನಾ."

ನಿಮ್ಮ ಜೋಳವೇ ಅದನ್ನು ಕೊಂದಿತು ಎನ್ನಲು ನಾನು ಬಾಯಿ ತೆರೆದೆ. ನಮ್ಮವರು ನನ್ನ ಮುಂಗೈಯನ್ನು ಬಳೆ ಒಡೆಯುವ ಹಾಗೆ ಒತ್ತಿ ಹಿಡಿದರು.

"ಇಲ್ಲಾ ಆಯಿ, ಹಸಿದಿದ್ದಿಲ್ಲ. ಹೊಟ್ಟಿ ತುಂಬಾ ತಿಂದೇ ಹೋಗ್ಯಾದ."

"ಹಂಗಾದ್ರ ನನ್ನ ಮಗ ಬರ್ತಾನೇನು?"

"ಬರ್ತಾನ ಆಯಿ."

ಮುದುಕಿ ಕಣ್ಣೊರೆಸಿಕೊಂಡು ಮನೆಗೆ ಹೋದಳು. ತನಗೆಂದು ಇಟ್ಟುಕೊಂಡಿದ್ದ ಜೋಳವನ್ನು ಸೆರಗಿನಲ್ಲಿ ತಂದು ಸತ್ತ ಕುದುರೆಯ ಬಾಯಿಯ ಹತ್ತಿರ ಸುರಿದಳು. ಅಲ್ಲಿಯವರೆಗೆ ಅಳದೆ ಕುಳಿತಿದ್ದ ನಮ್ಮವರು ಆಗ ಗೋಡೆಗೆ ಮುಖ ಮಾಡಿ ದನಿ ತೆಗೆದು ಅತ್ತರು.